ಏನೂ ನಡೆಯದ ಕೋಣೆ

ಮೊಟ್ಟೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಪಕ್ಷಿ ಸಂಶೋಧನಾ ಕೇಂದ್ರಕ್ಕೆ ಮೇವಿನ ಮೂಟೆ ಹೊರಲು ಸೇರಿದವರು. ಆದರೆ ಅವರೆದುರು ಯಾರಾದರೂ ಒಂದು ಮೊಟ್ಟೆ ಕೈಗೆತ್ತಿಕೊಂಡರೆ ಮುಗಿಯಿತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಹಾಗಲ್ಲ ಸ್ವಾಮಿ ಹಿಡಿಯೋದು" ಎಂದು ಶುರು ಮಾಡುತ್ತಿದ್ದರು. ಆ ಪಾಠಕ್ಕೆ ಸಿಕ್ಕಿಬಿದ್ದವರಲ್ಲಿ ಮೂವರು ನಿರ್ದೇಶಕರು, ಒಬ್ಬ ಮಂತ್ರಿ, ಒಮ್ಮೆ ದಾರಿ ತಪ್ಪಿ ಒಳಬಂದ ಅಂಚೆಯವನು ಎಲ್ಲರೂ ಸೇರಿದ್ದಾರೆ. ಕೊನೆಯವರೆಗೂ ನಿಂತು ಕೇಳಿದವನು ಅಂಚೆಯವನೊಬ್ಬನೇ. ಅವತ್ತು ಹೊರಗೆ ವಿಪರೀತ ಬಿಸಿಲಿತ್ತು.

ಮೇಷ್ಟ್ರ ವಿದ್ಯೆ ಸಣ್ಣದೇನೂ ಅಲ್ಲ. ಕೇಂದ್ರದಲ್ಲಿ ಸಾಕುತ್ತಿದ್ದದ್ದು ಲಾವಕ್ಕಿಗಳನ್ನು. ಮುಷ್ಟಿಯೊಳಗೆ ಹಿಡಿಯುವಷ್ಟು ಗಾತ್ರ, ಕಂದು ಬಣ್ಣ, ಮನೆಯಲ್ಲಿ ಏನೋ ಮರೆತುಬಂದವರ ಹಾಗೆ ಸದಾ ಅತ್ತಿತ್ತ ಓಡಾಟ. ಅವುಗಳ ಮೊಟ್ಟೆಯ ಮೇಲೆ ಕಪ್ಪುಗಂದು ಮಚ್ಚೆಗಳಿರುತ್ತವೆ. ಒಂದೊಂದು ಹೆಣ್ಣಿನದು ಒಂದೊಂದು ಥರ, ನಮ್ಮ ನಿಮ್ಮ ಕೈಬರಹದಂತೆ. ನಲವತ್ತು ಮೊಟ್ಟೆ ಕಲಸಿ ಬುಟ್ಟಿಯಲ್ಲಿಟ್ಟರೂ ಮೇಷ್ಟ್ರು ಒಂದೊಂದನ್ನೇ ಎತ್ತಿ, "ಇದು ಹನ್ನೊಂದನೆಯವಳದು, ಇದು ಇಪ್ಪತ್ತಾರು, ಇದು ನಮ್ಮ ಹದಿನಾಲ್ಕು. ನೋಡಿ, ಶಾಯಿ ಕೊಡವಿದ ಹಾಗೆ ಮಚ್ಚೆ ಹಾಕ್ತಾಳೆ, ಕೈ ಬಿಗಿಹಿಡಿದು ಗೊತ್ತೇ ಇಲ್ಲ ಇವಳಿಗೆ" ಎಂದು ಹೇಳಿಬಿಡುತ್ತಿದ್ದರು. ಈ ದಿವ್ಯದೃಷ್ಟಿಯಿಂದ ಮನೆಗೆ ಮಾತ್ರ ಯಾವ ಪ್ರಯೋಜನವೂ ಆಗಿರಲಿಲ್ಲ. "ತನ್ನ ಚಪ್ಪಲಿ ಯಾವುದು, ಪಕ್ಕದ ಮನೆಯವರದು ಯಾವುದು ಗೊತ್ತಾಗಲ್ಲ, ಹಕ್ಕಿ ಮೊಟ್ಟೆ ಗೊತ್ತಾಗುತ್ತಂತೆ" ಎಂದು ಹೆಂಡತಿ ನೆಂಟರಿಷ್ಟರ ನಡುವೆ ಪ್ರಚಾರ ಮಾಡಿದ್ದಳು.

ಅವರ ಇನ್ನೊಂದು ಹೆಮ್ಮೆ ದಿನಚರಿ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಪುಟಪುಟಕ್ಕೂ ನಂಬರು. ಇವತ್ತು ಮೊಟ್ಟೆ ಎಷ್ಟು, ತೂಕ ಎಷ್ಟು, ಬೆಳಗಿನ ಅರ್ಧ ಗಂಟೆಯಲ್ಲಿ ಗಂಡುಗಳು ಎಷ್ಟು ಸಲ ಕೂಗಿದವು, ಎಲ್ಲಕ್ಕೂ ಒಂದೊಂದು ಕಲಮು. ಕೊನೆಯ ಕಲಮಿನ ತಲೆಯ ಮೇಲೆ 'ಷರಾ' ಎಂದಿತ್ತು. ಹೇಳಬೇಕಾದ ಸಂಗತಿ ಏನಾದರೂ ಇದ್ದರೆ ಅಲ್ಲಿ ಬರೆಯಬೇಕು. ಮೇಷ್ಟ್ರು ಇಪ್ಪತ್ತೇಳು ವರ್ಷವೂ ಅಲ್ಲಿ ದುಂಡಗೆ ಬರೆದದ್ದು ಎರಡೇ ಪದ: 'ಏನೂ ಇಲ್ಲ'. ಇಂಥ ಹತ್ತು ಪುಸ್ತಕ ತುಂಬಿ ಹನ್ನೊಂದನೆಯದು ನಡೆಯುತ್ತಿತ್ತು. ಒಂದು ಪುಟ ಹರಿದಿರಲಿಲ್ಲ, ಒಂದು ಅಂಕಿ ತಿದ್ದಿರಲಿಲ್ಲ. ನಿವೃತ್ತಿ ಹತ್ತಿರ ಬರುತ್ತಿತ್ತು. ಬೀಳ್ಕೊಡುಗೆಯ ದಿನ ನಿರ್ದೇಶಕರು ಆ ಹನ್ನೊಂದು ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿಟ್ಟು, "ಇದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ" ಎಂದು ಸಭೆಗೆ ಸವಾಲು ಹಾಕುವ ದೃಶ್ಯವನ್ನು ಮೇಷ್ಟ್ರು ಬಸ್ಸಿನಲ್ಲಿ ಕೂತಾಗಲೆಲ್ಲ ನೋಡುತ್ತಿದ್ದರು. ಒಂದೆರಡು ಸಲ ಇಳಿಯಬೇಕಾದ ನಿಲ್ದಾಣವೂ ದಾಟಿಹೋಗಿತ್ತು.

ಇಂಥ ಮನುಷ್ಯನ ಕೈಕೆಳಗೆ, ಅಲ್ಲ, ಮೇಲಧಿಕಾರಿಯಾಗಿ ಬಂದವರು ಮೇಡಂ. ಸಂಶೋಧಕಿ, ಮೇಷ್ಟ್ರ ಅರ್ಧ ವಯಸ್ಸು, ಅವರ ಎರಡರಷ್ಟು ವೇಗದ ಮಾತು. ಬಂದ ಮೊದಲ ವಾರವೇ ಕೇಳಿದರು: "ಮೇಷ್ಟ್ರೇ, ಮೊಟ್ಟೆ ಇಡೋ ಕಾಲ ಬಂತು ಅಂತ ಹಕ್ಕಿಗೆ ಯಾರು ಹೇಳ್ತಾರೆ?"

"ಯಾರು ಯಾಕೆ ಹೇಳ್ಬೇಕು ಮೇಡಂ, ಅದಕ್ಕೇ ಗೊತ್ತಾಗುತ್ತೆ."

"ತಲೆಯಿಂದ ಒಂದು ಚೀಟಿ ಹೊರಡುತ್ತೆ ಅಂದ್ಕೊಳ್ಳಿ. ಬೆಳಕು ಜಾಸ್ತಿ ಆಗಿದೆ, ಶುರು ಮಾಡು ಅಂತ. ಆ ಚೀಟಿ ರಕ್ತದಲ್ಲಿ ಹೋಗಿ ಗಂಡಿಗೆ ಕೂಗು ಅನ್ನುತ್ತೆ, ಹೆಣ್ಣಿಗೆ ಮೊಟ್ಟೆ ಕಟ್ಟು ಅನ್ನುತ್ತೆ. ಅದೇ ಹಾರ್ಮೋನು. ಈಗ ಬೆಳೆಗೆ ಹೊಡೆದ ಕೀಟನಾಶಕ ಕಾಳಲ್ಲಿ, ಸೊಪ್ಪಲ್ಲಿ ಒಂದು ಚೂರು ಉಳಿದಿರುತ್ತಲ್ಲ, ಅದು ಹಕ್ಕೀನ ಕೊಲ್ಲಲ್ಲ. ಮಧ್ಯದಲ್ಲಿ ನಿಂತು ಚೀಟಿ ಕಿತ್ಕೊಳ್ಳುತ್ತೆ, ಇಲ್ಲಾ ಸುಳ್ಳು ಚೀಟಿ ಬರೆದುಕೊಡುತ್ತೆ ಅಂತ ನನ್ನ ಅನುಮಾನ. ಹಕ್ಕಿ ನೋಡೋಕೆ ಗುಂಡುಗುಂಡಗೇ ಇರುತ್ತೆ. ತಿನ್ನುತ್ತೆ, ಓಡುತ್ತೆ. ಸಂಸಾರ ಮಾತ್ರ ಮುಂದಕ್ಕೆ ಹೋಗಲ್ಲ."

"ಅರ್ಥ ಆಯ್ತು ಬಿಡಿ. ನಮ್ಮ ಟಪಾಲು ವಿಭಾಗದ ಹಾಗೆ" ಎಂದರು ಮೇಷ್ಟ್ರು.

ಮೇಡಂ ಅವರನ್ನು ಒಂದು ಕ್ಷಣ ದಿಟ್ಟಿಸಿ, "ಹೌದು, ಹಾಗೇ" ಎಂದರು. ಅಂದಿನಿಂದ ಇಬ್ಬರಿಗೂ ಹೊಂದಿಕೊಂಡಿತು.

ಪ್ರಯೋಗಕ್ಕೆ ಅಕ್ಕಪಕ್ಕದ ಎರಡು ಕೋಣೆ. ಎರಡರಲ್ಲೂ ಗೋಡೆಗೆ ಮೂರು ಸಾಲು ಗೂಡು, ಒಂದೇ ಥರದ ಬಲ್ಬು, ಒಂದೇ ತೊಟ್ಟಿಯ ನೀರು. ಎಡಕೋಣೆಯ ಹಕ್ಕಿಗಳ ಕಾಳಿಗೆ ಮೇಡಂ ತಾವೇ ತೂಗಿ, ಮಾರುಕಟ್ಟೆಯ ತರಕಾರಿಯಲ್ಲಿ ಉಳಿದಿರುವಷ್ಟೇ ಕೀಟನಾಶಕ ಬೆರೆಸುತ್ತಿದ್ದರು. ಬಲಕೋಣೆಯವಕ್ಕೆ ಏನೂ ಬೆರೆಸದ ಶುದ್ಧ ಕಾಳು. ಆರು ತಿಂಗಳ ಕೊನೆಗೆ ಎರಡೂ ಕೋಣೆಯ ಮೊಟ್ಟೆ, ಕೂಗು, ರಕ್ತ ಹೋಲಿಸಿ ನೋಡುವುದು. ಯಾವ ಔಷಧಿ ಎಷ್ಟು ಉಳಿದರೆ ಪರವಾಗಿಲ್ಲ ಎಂದು ತೀರ್ಮಾನ ಮಾಡುವ ಸಮಿತಿ ಆ ವರದಿಗೆ ಕಾಯುತ್ತಿತ್ತು.

ಇನ್ನು ಎಡಕೋಣೆಗೆ ಬಂದ ಭಾಗ್ಯ ನೋಡಿ. ಮೇಡಂ ದಿನಕ್ಕೆ ನಾಲ್ಕು ಸಲ ಅಲ್ಲಿಗೇ ಹೋಗುತ್ತಿದ್ದರು. ನಿರ್ದೇಶಕರು ಅತಿಥಿಗಳನ್ನು ಅಲ್ಲಿಗೇ ಕರೆತರುತ್ತಿದ್ದರು. ಫೋಟೋ ತೆಗೆಯುವವನು ಅಲ್ಲಿಗೇ ಬಂದ. ಬಲಕೋಣೆಯ ಬಾಗಿಲ ಮುಂದೆ ನಿಂತು ಯಾರಾದರೂ "ಇಲ್ಲೇನು?" ಎಂದರೆ ನಿರ್ದೇಶಕರು, "ಅಲ್ಲೇನಿಲ್ಲ, ಬನ್ನಿ" ಎಂದು ಮುಂದಕ್ಕೆ ಸಾಗುತ್ತಿದ್ದರು.

ಇದು ಮೇಷ್ಟ್ರ ಕರುಳಿಗೆ ಚುಚ್ಚಿತು. ಅವರೂ ಒಂದು ಥರದ ಬಲಕೋಣೆಯವರೇ. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರು. ಅಣ್ಣ ಓದಿನಲ್ಲಿ ಮುಂದು, ತಮ್ಮ ಕಾಯಿಲೆಯಲ್ಲಿ ಮುಂದು. ಅಪ್ಪ ಒಬ್ಬನ ಜೊತೆ ಶಾಲೆಗೆ, ಅಮ್ಮ ಇನ್ನೊಬ್ಬನ ಜೊತೆ ಆಸ್ಪತ್ರೆಗೆ. ನಡುವಿನವನು ಏನೂ ತೊಂದರೆ ಕೊಡದೆ ಬೆಳೆದ. ಮನೆಯಲ್ಲಿದ್ದ ಒಂದೇ ಒಂದು ಫೋಟೋದಲ್ಲಿ ಅಣ್ಣನ ಪದಕವೂ ತಮ್ಮನ ಮಫ್ಲರೂ ಸ್ಪಷ್ಟವಾಗಿ ಕಾಣುತ್ತವೆ. ಚೌಕಟ್ಟಿನ ಅಂಚಿನಲ್ಲಿ ಒಂದು ಕಿವಿ ಇದೆ. ಅದು ಮೇಷ್ಟ್ರದು.

ಹೀಗಿರುವಾಗ ಮೇಷ್ಟ್ರ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಊರಾಚೆಯ ತನ್ನ ತೋಟದಿಂದ ಅಕ್ಕನ ಮನೆಗೆ ದಿನಾ ಒಂದು ಕಟ್ಟು ಸೊಪ್ಪು ಕಳಿಸತೊಡಗಿದ. ಸೊಪ್ಪು ಅಂದರೆ ಸೊಪ್ಪು. ಒಂದೆಲೆಯಲ್ಲಿ ಒಂದು ತೂತಿಲ್ಲ. ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ ಹೊಳೆಯುತ್ತಿತ್ತು. "ನನ್ ತಮ್ಮನ ಕೈಗುಣ" ಎಂದು ಹೆಂಡತಿ ಆ ಕಟ್ಟನ್ನು ಓಣಿಯಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಹಿಡಿದು ತರುತ್ತಿದ್ದಳು. ಬೇಯಿಸುವಷ್ಟು ಬಿಡಿಸಿಕೊಂಡ ಮೇಲೆ ಒಂದು ಹಿಡಿ ಎಳೆಯ ಕುಡಿ ಮಿಕ್ಕಿತು. ಮೇಷ್ಟ್ರು ಅದನ್ನು ಊಟದ ಡಬ್ಬಿಯ ಚೀಲಕ್ಕೆ ಸೇರಿಸಿದರು.

ಎಡಕೋಣೆಯ ಒಂದು ಹಕ್ಕಿಗೂ ಅವರು ಒಂದೆಲೆ ಕೊಡಲಿಲ್ಲ. ಅಷ್ಟು ಜವಾಬ್ದಾರಿ ಅವರಿಗಿತ್ತು. 'ಪ್ರಯೋಗ ನಡೆಯುತ್ತಿರುವುದು ಎಡಕೋಣೆಯಲ್ಲಿ. ಅಲ್ಲಿ ಕೈಯಾಡಿಸಿದರೆ ದ್ರೋಹ. ಬಲಕೋಣೆಯಲ್ಲಿ ಏನೂ ನಡೆಯುತ್ತಿಲ್ಲ. ಏನೂ ನಡೆಯದ ಕಡೆ ಒಂದು ಹಿಡಿ ಸೊಪ್ಪು ಯಾರಿಗೆ ಭಾರ?' ಎಂದು ತಮ್ಮೊಳಗೇ ವಿಚಾರಣೆ ನಡೆಸಿ, ತಾವೇ ತೀರ್ಪು ಕೊಟ್ಟುಕೊಂಡರು. ಕೆಳಗಿನ ಸಾಲಿಗೆ, ನಡುವಿನ ಸಾಲಿಗೆ ದಿನಾ ಬೆಳಗ್ಗೆ ಎರಡೆರಡು ಎಲೆ. ಹದಿನಾಲ್ಕನೆಯವಳು ಮೇಷ್ಟ್ರ ಹೆಜ್ಜೆ ಸಪ್ಪಳಕ್ಕೇ ತಂತಿಗೆ ಮುಖ ಒತ್ತಿ ನಿಂತಿರುತ್ತಿದ್ದಳು. ಮೇಲಿನ ಸಾಲು ಮಾತ್ರ ತಪ್ಪಿಹೋಯಿತು. ಮೇಷ್ಟ್ರ ಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು, ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಲ್ಲಿಗೆ ಕಾಳು ಹಾಕಲು ಉದ್ದ ಹಿಡಿಕೆಯ ಸೌಟಿತ್ತು, ಮೊಟ್ಟೆ ತಾನೇ ಉರುಳಿ ಕೈಗೆಟುಕುವ ಎತ್ತರದ ತಟ್ಟೆಗೆ ಬರುತ್ತಿತ್ತು. ಸೌಟಿನಲ್ಲಿ ಸೊಪ್ಪು ನಿಲ್ಲುತ್ತಿರಲಿಲ್ಲ. "ಕ್ಷಮಿಸ್ರಪ್ಪಾ, ಭುಜ ವಾಸಿಯಾಗ್ಲಿ" ಎಂದು ಮೇಲಿನವರಿಗೆ ಹೇಳಿ ಬರುತ್ತಿದ್ದರು.

ನಾಲ್ಕು ತಿಂಗಳು ಹೀಗೆ ನಡೆಯಿತು.

ಎಡಕೋಣೆಯಲ್ಲಿ ಮೇಡಂ ಊಹಿಸಿದ್ದೇ ಆಯಿತು. ಬೆಳಗ್ಗೆ ತುಕ್ಕು ಹಿಡಿದ ಬಾಗಿಲು ಮೂರು ಸಲ ಎಳೆದ ಹಾಗೆ ಕೂಗುತ್ತಿದ್ದ ಗಂಡುಗಳ ಸದ್ದು ಇಳಿಯಿತು. ಮೊಟ್ಟೆ ಕಡಿಮೆಯಾಯಿತು, ಇಟ್ಟವೂ ತೆಳ್ಳಗೆ. ಆದರೆ ಕೆಲವೇ ವಾರದಲ್ಲಿ ಬಲಕೋಣೆಯೂ ಅದೇ ದಾರಿ ಹಿಡಿಯಿತು. ಹದಿನಾಲ್ಕನೆಯವಳು ಮಚ್ಚೆಯಲ್ಲಿ ಜಿಪುಣಿಯಾಗುತ್ತ ಬಂದಳು. ಒಂದು ದಿನ ಅವಳ ತಟ್ಟೆಯಲ್ಲಿ ಸಿಕ್ಕಿದ್ದು ಸುಣ್ಣ ಬಳಿದಂಥ ಬಿಳಿ ಮೊಟ್ಟೆ. ಬೆರಳಿಟ್ಟರೆ ತಗ್ಗು ಬೀಳುತ್ತಿತ್ತು. ಮೇಷ್ಟ್ರು ಅದರ ತೂಕ ಸರಿಯಾಗಿಯೇ ಬರೆದರು. ಷರಾ ಕಲಮಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸೆಖೆ ಇರಬೇಕು, ವಯಸ್ಸಾಗಿರಬೇಕು ಅಂದುಕೊಂಡು 'ಏನೂ ಇಲ್ಲ' ಎಂದು ಬರೆದರು.

ಮೇಡಂ ಬಲಕೋಣೆಯ ಬಲ್ಬು ಬದಲಿಸಿದರು, ನೀರು ಪರೀಕ್ಷೆ ಮಾಡಿಸಿದರು, ಕಾಳಿನ ಹೊಸ ಮೂಟೆ ತರಿಸಿದರು. ರಕ್ತದ ವರದಿ ಬಂತು. ಎರಡೂ ಕೋಣೆಯ ಹಾರ್ಮೋನು ಒಂದೇ ಮಟ್ಟಕ್ಕೆ ಇಳಿದಿತ್ತು. ಮೇಡಂ ವೇಗದ ಮಾತು ನಿಂತುಹೋಯಿತು. ಅವರು ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುವುದನ್ನು ಮೇಷ್ಟ್ರು ಎರಡು ಸಲ ಕಂಡರು.

ಸಂತೋಷಪಟ್ಟವರು ನಿರ್ದೇಶಕರು ಒಬ್ಬರೇ. ಅವರು ತಮ್ಮ ಬಗ್ಗೆ ಮಾತಾಡುವಾಗಲೂ 'ನಾವು' ಎನ್ನುವವರು. ಮೇಜಿನ ಮೇಲೆ ಮೂರು ಪೆನ್ನು ನೆಟ್ಟಿರುತ್ತಿದ್ದವು, ಸಹಿಗೆ ಮಾತ್ರ ಗುಮಾಸ್ತರ ಪೆನ್ನು ಬೇಕಾಗುತ್ತಿತ್ತು. "ಎರಡೂ ಕೋಣೆ ಒಂದೇ ಥರ ಅಂದ್ಮೇಲೆ ಔಷಧಿಯಿಂದ ಏನೂ ವ್ಯತ್ಯಾಸ ಇಲ್ಲ ಅಂತಲ್ಲವೇ? ನಮಗೆ ಮೊದಲೇ ಗೊತ್ತಿತ್ತು. ಶುಕ್ರವಾರ ಸಮಿತಿ ಬರುತ್ತೆ. ಈ ಉಳಿಕೆಯಿಂದ ಅಪಾಯವಿಲ್ಲ ಅಂತ ನಾವೇ ಓದಿಬಿಡ್ತೀವಿ" ಎಂದರು. ಅಪಾಯ ಇಲ್ಲದ ವರದಿ ಅವರಿಗೆ ಇಷ್ಟ. ಅಂಥದಕ್ಕೆ ಎಲ್ಲೆಡೆಯಿಂದ ಬೇಗ ಉತ್ತರ ಬರುತ್ತದೆ.

ಗುರುವಾರ ಬೆಳಗ್ಗೆ ಮೇಷ್ಟ್ರು ಕೂಗು ಎಣಿಸಲು ಬಂದಾಗ ಬಾಗಿಲ ಹೊರಗಿನ ಸ್ಟೂಲು ಇರಲಿಲ್ಲ. ಸಮಿತಿ ಬರುತ್ತದೆಂದು ನಿರ್ದೇಶಕರ ಹೆಸರಿನ ಹೊಸ ಫಲಕ ಏರಿಸಲು ಅದನ್ನು ಒಯ್ದಿದ್ದರು. ದಿನಾ ಹೊರಗೆ ಕೂತು, ಕಣ್ಣು ಮುಚ್ಚಿ, ಕೈಯಲ್ಲಿ ಎಣಿಕೆಯ ಗುಂಡಿ ಒತ್ತುತ್ತಿದ್ದವರು ಅವತ್ತು ಗತಿಯಿಲ್ಲದೆ ಬಲಕೋಣೆಯ ಒಳಗೆ ಗೋಡೆಗೆ ಒರಗಿ ನಿಂತರು.

ಮೊದಲ ಕೂಗು ಬಂತು. ಮೇಲಿನಿಂದ. ಎರಡನೆಯದೂ ಮೇಲಿನಿಂದ. ಮೂರು, ನಾಲ್ಕು, ಹತ್ತು, ಹದಿನೈದು. ಮೇಷ್ಟ್ರು ಕಣ್ಣು ತೆರೆದರು. ಮೇಲಿನ ಸಾಲಿನ ನಾಲ್ಕು ಗಂಡುಗಳು ಕತ್ತು ಚಾಚಿ, ಎದೆಯುಬ್ಬಿಸಿ, ಫಲಕ ಏರಿಸಿಕೊಂಡವರಂತೆ ಕೂಗುತ್ತಿದ್ದವು. ಕೆಳಗಿನ ಎರಡು ಸಾಲಿನ ಎಂಟು ಗಂಡುಗಳು ಬೇರೆ ಯಾರದೋ ವಿಷಯ ಎಂಬಂತೆ ಕಾಳು ಹೆಕ್ಕುತ್ತಿದ್ದವು.

ತಟ್ಟೆಗಳನ್ನು ನೋಡಿದರು. ಮೇಲಿನ ಸಾಲಿನ ಮೊಟ್ಟೆಗಳ ಮೇಲೆ ಮಚ್ಚೆ ದಟ್ಟವಾಗಿದ್ದವು. ಕೆಳಗಿನವು ಮಾಸಲು, ಬಿಳಿ, ಖಾಲಿ. ಬಲ್ಬಿಗೆ ಹತ್ತಿರ ಇರೋದಕ್ಕೋ ಏನೋ ಎಂದು ಎಡಕೋಣೆಗೆ ಓಡಿದರು. ಅಲ್ಲಿ ಮೂರು ಸಾಲಿನಿಂದಲೂ ಒಂದೇ ಸಮ, ಆಗೊಂದು ಈಗೊಂದು ಕ್ಷೀಣ ಕೂಗು. ಇಷ್ಟು ದಿನ ಇದು ಯಾರಿಗೂ ಕಾಣದಿದ್ದದ್ದೂ ಮೇಷ್ಟ್ರ ದೆಸೆಯಿಂದಲೇ. ಪುಸ್ತಕದಲ್ಲಿ ಅವರು ಬರೆಯುತ್ತಿದ್ದದ್ದು ಇಡೀ ಕೋಣೆಯ ಒಟ್ಟು ಲೆಕ್ಕ. ಮೊಟ್ಟೆ ಯಾರದೆಂದು ಗುರುತಿಸುತ್ತಿದ್ದರೇ ಹೊರತು ಯಾವ ಸಾಲಿನದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ರಕ್ತ ತೆಗೆಯಲು ಮೇಡಂ ಕೈಗೆ ಅವರು ಹಿಡಿದುಕೊಟ್ಟದ್ದು ಕೈಗೆಟುಕುವ ಸಾಲಿನ ಹಕ್ಕಿಗಳನ್ನು.

ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇದ್ದ ವ್ಯತ್ಯಾಸ ಒಂದೇ: ಮೇಷ್ಟ್ರ ಭುಜ.

ಊಟದ ಚೀಲದಲ್ಲಿ ಅವತ್ತಿನ ಹಿಡಿ ಸೊಪ್ಪು ತಣ್ಣಗೆ ಮಲಗಿತ್ತು. ಹದಿನಾಲ್ಕನೆಯವಳು ತಂತಿಗೆ ಮುಖ ಒತ್ತಿ ಕಾಯುತ್ತಿದ್ದಳು. ಮೇಷ್ಟ್ರು ಮೇವಿನ ಮೂಟೆಯ ಮೇಲೆ ಕೂತುಬಿಟ್ಟರು. ಯಾರೂ ನೋಡಿಲ್ಲ. ಯಾರೂ ಕೇಳುವುದಿಲ್ಲ. ನಿವೃತ್ತಿಗೆ ಉಳಿದ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡರೆ ಹನ್ನೊಂದು ಪುಸ್ತಕವೂ ಸಭೆಯ ಮುಂದೆ ಪೇರಿಸಲ್ಪಡುತ್ತವೆ. ನಾಳೆ ನಿರ್ದೇಶಕರು 'ಅಪಾಯವಿಲ್ಲ' ಎಂದು ಓದುತ್ತಾರೆ, ಸಮಿತಿ ತಲೆಯಾಡಿಸುತ್ತದೆ. ಇವರ ಎರಡೆಲೆ ಪ್ರೀತಿ ಅಚ್ಚಾಗಿ ಊರೂರಿಗೆ ಹೋಗುತ್ತದೆ.

ಬಾಯಲ್ಲಿ ಹೇಳಲು ಹೋದರೆ ಮೆಟ್ಟಿಲು ಹತ್ತುವಷ್ಟರಲ್ಲಿ ಧೈರ್ಯ ಕರಗುತ್ತದೆ ಎಂದು ತಮ್ಮನ್ನು ತಾವು ಬಲ್ಲ ಮೇಷ್ಟ್ರು ಮೊದಲು ಪುಸ್ತಕ ತೆರೆದರು. ಷರಾ ಕಲಮು ಎರಡು ಪದಕ್ಕೆ ಸಾಕಾಗುವಷ್ಟೇ ಅಗಲವಿತ್ತು. ಅಕ್ಷರ ಸಣ್ಣದು ಮಾಡಿ, ಅಂಚು ದಾಟಿ, ಪುಟದ ಕೆಳಗೆಲ್ಲ ಬರೆದರು: 'ನಾಲ್ಕು ತಿಂಗಳಿಂದ ಬಲಕೋಣೆಯ ಕೆಳಗಿನ ಎರಡು ಸಾಲಿಗೆ ನಾನು ದಿನಾ ಮನೆಯಿಂದ ಸೊಪ್ಪು ತಂದು ಹಾಕಿದ್ದೇನೆ. ಮೇಲಿನ ಸಾಲಿಗೆ ಭುಜನೋವಿನಿಂದ ಹಾಕಿಲ್ಲ. ಮೇಲಿನ ಸಾಲು ಚೆನ್ನಾಗಿದೆ. ಹಾಕುವಾಗ ತಪ್ಪೆಂದು ತಿಳಿದಿರಲಿಲ್ಲ. ಕಳೆದ ತಿಂಗಳು ಬಿಳಿ ಮೊಟ್ಟೆ ಕಂಡ ಮೇಲೂ ಏನೂ ಇಲ್ಲ ಎಂದು ಬರೆದದ್ದು ತಪ್ಪೆಂದು ತಿಳಿದಿತ್ತು.' ಶಾಯಿ ಆರುವವರೆಗೆ ಊದಿದರು. ಆಮೇಲೆ ಪುಸ್ತಕ, ಸೊಪ್ಪು ಎರಡನ್ನೂ ಎತ್ತಿಕೊಂಡು ಮೇಡಂ ಕೋಣೆಗೆ ಹೋದರು.

ಮೇಡಂ ಎರಡು ಸಲ ಓದಿದರು. "ಎಷ್ಟು ಹಾಕ್ತಿದ್ರಿ?"

"ಎರಡೆರಡು ಎಲೆ ಮೇಡಂ. ಭಾನುವಾರ ನಾಲ್ಕು."

"ಭಾನುವಾರ ಯಾಕೆ ನಾಲ್ಕು?"

"ರಜಾ ಅಲ್ವಾ ಮೇಡಂ."

ಮೇಡಂ ಮುಖ ಮುಚ್ಚಿಕೊಂಡರು. ಭುಜ ಅಲುಗಿತು. ಅಳುವೋ ನಗುವೋ ಮೇಷ್ಟ್ರಿಗೆ ತಿಳಿಯಲಿಲ್ಲ. ಬಹುಶಃ ಮೇಡಂಗೂ ತಿಳಿದಿರಲಿಲ್ಲ. ಕೊನೆಗೆ ಮುಖ ಎತ್ತಿ, "ಇದಕ್ಕೆ ಅನುಮತಿ, ಹಣ, ಹಕ್ಕಿ ಹೊಂದಿಸಿದ್ದೂ ಸೇರಿ ಎರಡೂವರೆ ವರ್ಷ ಮೇಷ್ಟ್ರೇ. ಎರಡೂವರೆ ವರ್ಷ" ಎಂದರು.

"ಅಲ್ಲಿ ಏನೂ ನಡೀತಿಲ್ಲ ಅಂದ್ಕೊಂಡೆ ಮೇಡಂ. ಪಾಪ, ಯಾರೂ ನೋಡ್ತಿರ್ಲಿಲ್ಲ ಅವನ್ನ."

"ಏನೂ ನಡೀಬಾರದು ಅಂತಾನೇ ಆ ಕೋಣೆ ಇರೋದು! ಎಡಕೋಣೆಗೆ ಏನಾಯ್ತು ಅಂತ ನಾನು ಯಾವುದನ್ನ ನೋಡಿ ಹೇಳ್ಲಿ? ಬಲಕೋಣೆ ನೋಡೇ ಹೇಳ್ಬೇಕು. ಇಡೀ ಪ್ರಯೋಗ ನಿಂತಿರೋದೇ ಅದರ ಮೇಲೆ." ದನಿ ಏರಿತು, ಅಷ್ಟೇ ಬೇಗ ಇಳಿಯಿತು. "ಇದನ್ನ ಮೊದಲ ದಿನ ನಾನು ನಿಮಗೆ ಹೇಳ್ಬೇಕಿತ್ತು. ಚೀಟಿ ಕಥೆ ಹೇಳ್ದೆ, ಇದನ್ನೇ ಹೇಳ್ಲಿಲ್ಲ."

ಅಷ್ಟು ಹೇಳಿ ಸೊಪ್ಪಿನ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಒಂದು ತೂತಿಲ್ಲವಲ್ಲ ಇದರಲ್ಲಿ" ಎಂದರು ಮೆಲ್ಲಗೆ. ಕಾಗದದ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಎದುರು ಕಟ್ಟಡದ ಉಳಿಕೆ ಪರೀಕ್ಷಾಲಯಕ್ಕೆ ತಾವೇ ಒಯ್ದರು.

ಶುಕ್ರವಾರ ಬೆಳಗ್ಗೆ ನಿರ್ದೇಶಕರಿಂದ ಕರೆ ಬಂತು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಮೇಡಂ ಕಿಟಕಿಯ ಬಳಿ ನಿಂತಿದ್ದರು.

"ಇದೇನ್ರೀ ಮೇಷ್ಟ್ರೇ, ಷರಾದಲ್ಲಿ ಕಾದಂಬರಿ ಬರೆದಿದ್ದೀರಿ?"

"ನಡೆದದ್ದು ಸಾರ್."

"ನಡೆದದ್ದೆಲ್ಲ ಬರೀತಾರೇನ್ರೀ? ನಾವು ಬರೀತೀವಾ?" ನಿರ್ದೇಶಕರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು; ದನಿ ಬೆಣ್ಣೆಯಾಯಿತು. "ನೋಡಿ, ನೀವು ಹಳಬರು. ಇದೊಂದು ಪುಟ ತೆಗೆದು, ಬೇರೆ ಹಾಳೇಲಿ ಅವತ್ತಿನ ಅಂಕಿ ಬರೆದು ಅಂಟಿಸಿ. ವಿಷಯ ಮುಗೀತು. ನಿಮ್ಮ ಬೀಳ್ಕೊಡುಗೆ ದಿನ ನಾವೇ ಖುದ್ದಾಗಿ ಮಾತಾಡ್ತೀವಿ. ಹನ್ನೊಂದು ಪುಸ್ತಕ, ಒಂದು ತಪ್ಪಿಲ್ಲ ಅಂತ."

ಬಸ್ಸಿನಲ್ಲಿ ಕಂಡ ಕನಸು ಇಷ್ಟು ತದ್ರೂಪವಾಗಿ ಇನ್ನೊಬ್ಬರ ಬಾಯಲ್ಲಿ ಬಂದಾಗ ಮೇಷ್ಟ್ರಿಗೆ ನಾಚಿಕೆಯಾಯಿತು. ಮೈಮರೆತು ಹಾಡುತ್ತಿರುವಾಗ ಯಾರೋ ಬಾಗಿಲು ತೆರೆದ ಹಾಗೆ. ಆಸೆಯೂ ಆಯಿತು, ಸುಳ್ಳೇಕೆ. ಒಂದು ಪುಟ. ಅಂಟು ಅವರ ಕಪಾಟಿನಲ್ಲೇ ಇತ್ತು.

"ಪುಟಕ್ಕೆ ನಂಬರಿದೆ ಸಾರ್" ಎಂದರು.

"ನಂಬರು ಹಾಕೋರು ಯಾರ್ರೀ? ನೀವೇ ತಾನೆ?"

"ನಾನೇ ಸಾರ್. ಅದಕ್ಕೇ." ಮೇಷ್ಟ್ರು ಅಂಗಿಯ ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಮೊಟ್ಟೆಯೊಂದನ್ನು ತೆಗೆದು ಮೂರು ಪೆನ್ನಿನ ಪಕ್ಕ ಇಟ್ಟರು. "ಇದು ಹದಿನಾಲ್ಕನೆಯವಳದು ಸಾರ್, ಇವತ್ತಿನದು."

ನಿರ್ದೇಶಕರು ಅದನ್ನು ತಿರುಗಿಸಿ ನೋಡಿದರು. "ಇದರ ಮೇಲೆ ಏನೂ ಇಲ್ಲವಲ್ರೀ? ಹದಿನಾಲ್ಕರದೇ ಅಂತ ಹೇಗೆ ಹೇಳ್ತೀರಿ?"

"ಅದೇ ಸಾರ್. ನನಗೂ ಹೇಳೋಕಾಗ್ಲಿಲ್ಲ. ಅವಳ ತಟ್ಟೇಲಿ ಸಿಕ್ತು ಅಂತ ತಿಳ್ಕೊಂಡೆ. ಇಪ್ಪತ್ತೇಳು ವರ್ಷದಲ್ಲಿ ಈ ಒಂದು ತಿಂಗಳಿಂದಲೇ ಹೀಗೆ." ಮೇಷ್ಟ್ರು ಮೊಟ್ಟೆಯನ್ನು ವಾಪಸು ತೆಗೆದು ಹತ್ತಿಯಲ್ಲಿ ಸುತ್ತಿದರು. "ಇದನ್ನ ಅಪಾಯ ಇಲ್ಲ ಅಂತ ಓದಬೇಡಿ ಸಾರ್. ಓದಿದ್ರೆ ನಾನು ಸಮಿತಿ ಮುಂದೆ ಬಂದು ಆ ಪುಟ ಓದ್ತೀನಿ. ನನ್ನ ಅಕ್ಷರ ಸಣ್ಣ, ನಿಧಾನವಾಗುತ್ತೆ."

ಮೊಟ್ಟೆ ಮೇಷ್ಟ್ರ ಪಾಠ ಎಷ್ಟು ಉದ್ದವಾಗಬಲ್ಲದು ಎಂಬುದು ನಿರ್ದೇಶಕರಿಗೆ ಅನುಭವದಿಂದ ಗೊತ್ತಿತ್ತು. ವರದಿ ಓದುವುದನ್ನು ಮುಂದೂಡಿದರು. ಸಮಿತಿಯವರು ಬಿಸ್ಕತ್ತು ತಿಂದು, ಹೊಸ ಫಲಕದ ಕೆಳಗೆ ಫೋಟೋ ತೆಗೆಸಿಕೊಂಡು ಹೋದರು. ಸಂಜೆ ಐದಕ್ಕೆ ಮೇಷ್ಟ್ರ ಕೈಗೆ ಅವರ ಸೇವಾವಧಿಯ ಮೊದಲ ಮೆಮೊ ಬಂತು: ಕರ್ತವ್ಯಲೋಪ, ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ.

ಅದನ್ನು ಓದಿ ಹೆಂಡತಿ ಕೇಳಿದ್ದು ಒಂದೇ: "ಅಲ್ರೀ, ನನ್ ತಮ್ಮನ ಸೊಪ್ಪು ತಿಂದು ಹಕ್ಕಿ ಕೆಟ್ಟಿತು ಅಂತೀರಾ? ನಾವು ತಿಂದಿಲ್ವಾ? ನಾವು ಗುಂಡಗಿಲ್ವಾ?"

"ಅವೂ ಗುಂಡಗೇ ಇವೆ ಕಣೇ" ಎಂದರು ಮೇಷ್ಟ್ರು.

ಹೆಂಡತಿ ಬಿಡಿಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು.

ಮಂಗಳವಾರ ಪರೀಕ್ಷಾಲಯದ ಉತ್ತರ ಬಂತು. ಸೊಪ್ಪಿನಲ್ಲಿ ಮೂರು ಬಗೆಯ ಕೀಟನಾಶಕದ ಉಳಿಕೆ. ಎಡಕೋಣೆಗೆ ಮೇಡಂ ಅಳೆದು ಬೆರೆಸಿದ್ದೂ ಅದರಲ್ಲಿತ್ತು, ಅವರು ಬೆರೆಸಿದ್ದಕ್ಕಿಂತ ಹೆಚ್ಚೇ ಇತ್ತು. ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಮೇಷ್ಟ್ರು ಸಂಜೆ ತೋಟಕ್ಕೆ ಹೋದರು. ಭಾವಮೈದ ಬೆನ್ನಿಗೆ ಔಷಧಿ ಹೊಡೆಯುವ ಡಬ್ಬಿ ಕಟ್ಟಿಕೊಂಡು ಸಾಲಿನ ನಡುವೆ ನಿಂತಿದ್ದ.

"ಬನ್ನಿ ಭಾವ! ಏನು ಇಷ್ಟು ದೂರ? ಸೊಪ್ಪು ಸಾಕಾಗ್ಲಿಲ್ವಾ?"

ಮೇಷ್ಟ್ರು ಕಾಗದ ಕೊಟ್ಟರು. ಅವನು ಓದಿದ, ಮತ್ತೆ ಓದಿದ. ಮುಖ ಕೆಂಪಾಯಿತು. "ಎಲ್ಲರೂ ಹೊಡೀತಾರೆ ಭಾವ, ನಾನೊಬ್ಬನಾ? ತೂತಿರೋ ಸೊಪ್ಪು ಯಾರು ತಗೋತಾರೆ ಹೇಳಿ. ಅಕ್ಕನೇ ತಗೊಳ್ಳಲ್ಲ. ಹೋದ ವರ್ಷ ಒಂದು ಕಟ್ಟು ಹುಳ ತಿಂದಿದ್ದು ಕಳಿಸಿದ್ದಕ್ಕೆ, ತಮ್ಮ ಅನ್ನೋ ಮರ್ಯಾದೆನೂ ಇಲ್ವಾ ಅಂದ್ಲು."

"ಬೇರೆಯವರಿಗೆ ಮಾರೋ ಸೊಪ್ಪಿಗೂ ಇಷ್ಟೇ ಹೊಡೀತೀಯಾ?"

ಭಾವಮೈದ ಬೆನ್ನಿನ ಡಬ್ಬಿ ಇಳಿಸಿ ನೆಲದ ಮೇಲಿಟ್ಟ. "ಅಕ್ಕನ ಸಾಲು ಬೇರೆ ಇದೆ ಭಾವ, ಆ ಅಂಚಲ್ಲಿ. ಅಕ್ಕನ ಮನೆಗೆ ಹೋಗೋದು, ಚೆನ್ನಾಗಿರ್ಲಿ ಅಂತ ಅದಕ್ಕೆ ಕೊಯ್ಯೋ ಹಿಂದಿನ ದಿನ ಇನ್ನೊಂದು ಸಲ ಹೊಡೀತಿದ್ದೆ."

ಮೇಷ್ಟ್ರು ಅವನನ್ನು ಬೈಯಲು ಬಾಯಿ ತೆರೆದರು. ಭಾನುವಾರದ ನಾಲ್ಕೆಲೆ ನೆನಪಾಯಿತು. ಬಾಯಿ ಮುಚ್ಚಿಕೊಂಡರು. ಇಬ್ಬರೂ ಬದುವಿನ ಮೇಲೆ ಕೂತರು. ಎದುರಿಗೆ ಅಕ್ಕನ ಸಾಲು ಉಳಿದೆಲ್ಲ ಸಾಲುಗಳಿಗಿಂತ ಹೊಳೆಯುತ್ತ ನಿಂತಿತ್ತು. ಅದರ ಮೇಲೆ ಒಂದು ಚಿಟ್ಟೆಯೂ ಕೂತಿರಲಿಲ್ಲ.

"ಆ ಸಾಲಿಗೆ ಇನ್ಮೇಲೆ ಏನೂ ಹೊಡೀಬೇಡ" ಎಂದರು ಮೇಷ್ಟ್ರು ಏಳುತ್ತ. "ತೂತಿದ್ರೂ ಪರವಾಗಿಲ್ಲ. ನಿಮ್ಮಕ್ಕನಿಗೆ ನಾನು ಹೇಳ್ತೀನಿ."

"ನೀವಾ?" ಎಂದ ಭಾವಮೈದ. ಅವನಿಗೆ ಮೇಷ್ಟ್ರ ಮೇಲೆ ಮೊದಲ ಸಲ ಗೌರವ ಬಂದಂತಿತ್ತು.

ಎಲ್ಲವೂ ಸರಿಹೋಯಿತು ಅನ್ನುವಂತಿಲ್ಲ. ಮೇಲಿನ ಸಾಲಿನ ಒಂದು ಡಜನ್ ಹಕ್ಕಿ ನಂಬಿ ವರದಿ ಬರೆಯಲಾಗುವುದಿಲ್ಲ ಎಂದರು ಮೇಡಂ. ಇಡೀ ಪ್ರಯೋಗ ಹೊಸ ಹಕ್ಕಿಗಳೊಂದಿಗೆ ಮೊದಲಿನಿಂದ ನಡೆಯಬೇಕು, ಅಂದರೆ ಹಕ್ಕಿ ಬೆಳೆಸುವುದೂ ಸೇರಿ ಇನ್ನೊಂದು ವರ್ಷ. ಅದಕ್ಕೆ ಮೂರನೆಯ ಕೋಣೆಯೊಂದನ್ನು ತೆರವು ಮಾಡಿಸಿದರು. ಹಳೆಯ ಬಲಕೋಣೆಯ ಹಕ್ಕಿಗಳನ್ನು ಹಾಗೇ ಉಳಿಸಿ, ಸೊಪ್ಪು ನಿಂತ ಮೇಲೆ ಚೀಟಿಗಳು ಮತ್ತೆ ತಲುಪುತ್ತವೋ ಇಲ್ಲವೋ ನೋಡುವುದು ಎಂದಾಯಿತು. ಅಲ್ಲಿ ಯಾರನ್ನು ಹಾಕಬೇಕೆಂದು ಗುಮಾಸ್ತರು ಕೇಳಿದಾಗ ಮೇಡಂ, "ಮೇಷ್ಟ್ರನ್ನೇ ಹಾಕಿ. ಅಲ್ಲಿ ಏನೂ ಮಾಡಬಾರದು ಅನ್ನೋದು ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ" ಎಂದರು.

ಮಾರನೆಯ ದಿನ ಬಲಕೋಣೆಯ ಬಾಗಿಲ ಮೇಲೆ ದುಂಡಗಿನ ಅಕ್ಷರದ ಒಂದು ಹಾಳೆ ಅಂಟಿತ್ತು: 'ಇಲ್ಲಿ ಏನೂ ನಡೆಯುತ್ತಿಲ್ಲ. ದಯವಿಟ್ಟು ಯಾರೂ ಏನನ್ನೂ ನಡೆಸಬಾರದು.' ನಿರ್ದೇಶಕರು ಅತಿಥಿಗಳೊಂದಿಗೆ ಹಾದುಹೋಗುವಾಗ ಅದನ್ನು ಓದಿ, ಯಾವುದಕ್ಕೂ ಇರಲಿ ಎಂದು, ಒಂದು ಹೆಜ್ಜೆ ದೂರದಿಂದ ನಡೆದರು.

ಮೇಷ್ಟ್ರು ಈಗ ಸ್ಟೂಲನ್ನು ಒಳಗೇ ಹಾಕಿಕೊಂಡು ಕೂರುತ್ತಾರೆ. ಕಣ್ಣು ಮುಚ್ಚುವುದಿಲ್ಲ. ಪುಸ್ತಕದಲ್ಲಿ ಸಾಲಿಗೊಂದು ಕಲಮು ಬಂದಿದೆ. ಬೆಳಗಿನ ಹೊತ್ತು ಹದಿನಾಲ್ಕನೆಯವಳು ಈಗಲೂ ಅವರ ಹೆಜ್ಜೆ ಕೇಳಿ ತಂತಿಗೆ ಮುಖ ಒತ್ತುತ್ತಾಳೆ. ಮೇಷ್ಟ್ರು ಎರಡೂ ಖಾಲಿ ಕೈ ಮುಂದೆ ಹಿಡಿದು ತೋರಿಸುತ್ತಾರೆ. ಅವಳು ಬೆರಳ ತುದಿಯನ್ನು ಒಂದೆರಡು ಸಲ ಕುಕ್ಕಿ, ನಂಬಿಕೆ ಬಾರದೆ ಮತ್ತೊಮ್ಮೆ ಕುಕ್ಕಿ, ತಿರುಗಿ ಹೋಗುತ್ತಾಳೆ. ಅವಳ ತಟ್ಟೆಯ ಮೊಟ್ಟೆ ಇನ್ನೂ ಬಿಳಿಯದೇ. ಆರನೆಯ ವಾರ ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬಹಳ ಹೊತ್ತು ನೋಡಿದರು. ಅಗಲವಾದ ತುದಿಯಲ್ಲಿ, ಪೆನ್ನಿನ ಮೊನೆ ತಗುಲಿದಷ್ಟು, ಒಂದು ಕಂದು ಗುರುತಿದ್ದಂತಿತ್ತು. ಕೊಳೆಯೂ ಇರಬಹುದು ಎಂದು ಅಂಗಿಯ ತುದಿಯಿಂದ ಒರೆಸಿದರು. ಹೋಗಲಿಲ್ಲ.

ಷರಾ ಕಲಮಿನ ಮುಂದೆ ಪೆನ್ನು ನಿಂತಿತು. ಆಮೇಲೆ ಬರೆದರು: 'ಹದಿನಾಲ್ಕು: ಒಂದು ಮಚ್ಚೆ. ನಾಳೆ ಮತ್ತೆ ನೋಡಬೇಕು.'